ನಾಲ್ಕೂವರೆ ಗಂಟೆಯ ಲೆಕ್ಕ

ಶತ್ರುಗಳ ನೆಲದಲ್ಲಿ ಬಿದ್ದ ಪೈಲಟ್ ಬದುಕಿ ಬಂದರೆ ಯಾರೂ ಜಾಸ್ತಿ ಪ್ರಶ್ನೆ ಕೇಳುವುದಿಲ್ಲ. ಹುಡುಗ ಮನೆ ಸೇರಿದನಲ್ಲ, ಇನ್ನೇನು ಬೇಕು ಅನ್ನುವ ಧಾಟಿ. ಸತ್ತರೆ ತನಿಖೆ ಆಗುತ್ತದೆ, ಕಡತ ಬೆಳೆಯುತ್ತದೆ. ಬದುಕಿದರೆ ಹಾರ, ಫೋಟೋ, ಒಂದಷ್ಟು ಭಾಷಣ. ಹಾಗಾಗಿ ಗೆದ್ದ ಕಾರ್ಯಾಚರಣೆಯ ಬಗ್ಗೆ ಬರೆಯುವುದು ಸೋತದ್ದರ ಬಗ್ಗೆ ಬರೆಯುವುದಕ್ಕಿಂತ ಕಷ್ಟ ಅನ್ನುವುದು ನನ್ನ ಅನುಭವ.

ನಾನು ಬೆಂಗಳೂರಿನಲ್ಲಿ ಕೂತು ರಕ್ಷಣಾ ವಿಷಯಗಳ ಮೇಲೆ ಕನ್ನಡದಲ್ಲಿ ಬರೆಯುವವನು. ಸೈನ್ಯದಲ್ಲಿ ಇದ್ದವನಲ್ಲ. ಒಂದು ವಿಶೇಷಾಂಕಕ್ಕೆ ಅಮೆರಿಕದ ಪೈಲಟ್ ಸ್ಕಾಟ್ ಓ'ಗ್ರೇಡಿಯ ಕಥೆ ಬರೆದುಕೊಡಿ ಅಂತ ಸಂಪಾದಕರು ಕೇಳಿದ್ದರು. "ಮೈ ಜುಮ್ಮೆನ್ನಬೇಕು ಸಾರ್" ಅಂದಿದ್ದರು. ಜುಮ್ಮೆನ್ನುವ ಭಾಗ ಎಲ್ಲರಿಗೂ ಗೊತ್ತಿರುವುದೇ. ನನಗೆ ಬೇಕಾಗಿದ್ದು ಉಳಿದ ಭಾಗ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. 1995ರ ಜೂನ್ 2. ಬೋಸ್ನಿಯಾದ ಆಕಾಶದಲ್ಲಿ ವಿಶ್ವಸಂಸ್ಥೆ ಹಾರಾಟ ನಿಷೇಧ ಹೇರಿತ್ತು, ಅದನ್ನು ಜಾರಿ ಮಾಡುತ್ತಿದ್ದದ್ದು ನೇಟೋ. ಇಟಲಿಯ ಅವಿಯಾನೊ ನೆಲೆಯಿಂದ ಹೊರಟ ಎರಡು ಎಫ್-16 ವಿಮಾನಗಳು ಅಲ್ಲಿ ಕಾವಲು ಸುತ್ತುತ್ತಿದ್ದವು. ಮ್ರ್ಕೊನ್ಯಿಚ್ ಗ್ರಾದ್ ಊರಿನ ಹತ್ತಿರ ಬೋಸ್ನಿಯಾದ ಸರ್ಬ್ ಪಡೆ ನೆಲದಿಂದ ಹಾರಿಸಿದ ಎಸ್‌ಎ-6 ಕ್ಷಿಪಣಿ ಓ'ಗ್ರೇಡಿಯ ವಿಮಾನವನ್ನು ಹೊಡೆಯಿತು. ಜೊತೆಯ ವಿಮಾನದ ಪೈಲಟ್ ಅದು ಸಿಡಿದಿದ್ದನ್ನು ನೋಡಿದ, ಪ್ಯಾರಾಚೂಟ್ ಮಾತ್ರ ಕಾಣಲಿಲ್ಲ. ಓ'ಗ್ರೇಡಿ ಆರು ದಿನ ಕಾಡಿನಲ್ಲಿ ಅಡಗಿದ್ದ. ಮಳೆ ನೀರು ಕುಡಿದ, ಎಲೆ ತಿಂದ, ಇರುವೆ ತಿಂದ. ಜೂನ್ 8ರ ಬೆಳಗ್ಗೆ ಅಮೆರಿಕದ ಮರೀನ್ ಪಡೆಯ ಹೆಲಿಕಾಪ್ಟರ್‌ಗಳು ಬಂದು ಎತ್ತಿಕೊಂಡು ಹೋದವು. ಅವರ ಕಡೆ ಯಾರೂ ಸಾಯಲಿಲ್ಲ.

ನಾನು ಮೊದಲು ಮಾಡುವ ಕೆಲಸ ಉದ್ದದ ಕಾಗದ ಹರಡುವುದು. ಕಂಪ್ಯೂಟರಿನಲ್ಲೂ ಮಾಡಬಹುದು, ನನಗೆ ಕಾಗದವೇ ವಾಸಿ. ಎಡದಿಂದ ಬಲಕ್ಕೆ ಗಂಟೆ. ಮೇಲೆ ಏನಾಯಿತು, ಕೆಳಗೆ ಅದನ್ನು ಹೇಳಿದವರು ಯಾರು, ಯಾವತ್ತು ಹೇಳಿದರು. ಈ ಕೊನೆಯದು ಬಹಳ ಮುಖ್ಯ. ಅದೇ ವಾರ ಪತ್ರಿಕಾಗೋಷ್ಠಿಯಲ್ಲಿ ಹೇಳಿದ ಮಾತು ಬೇರೆ ಇರುತ್ತದೆ, ವರ್ಷ ಕಳೆದ ಮೇಲೆ ಹೇಳಿದ್ದು ಬೇರೆ ಇರುತ್ತದೆ. ಯಾರೂ ಸುಳ್ಳು ಹೇಳಬೇಕಾಗಿಲ್ಲ. ನೆನಪು ತಾನಾಗೇ ಚಂದ ಆಗುತ್ತಾ ಹೋಗುತ್ತದೆ.

ಕಾಗದ ತುಂಬುತ್ತಾ ಬಂದ ಹಾಗೆ ಖಾಲಿ ಜಾಗಗಳು ಎದ್ದು ಕಾಣತೊಡಗಿದವು. ದೊಡ್ಡ ಖಾಲಿ ಜಾಗ ಕೊನೆಯ ದಿನದ್ದು. ರಾತ್ರಿ ಎರಡು ಗಂಟೆ ದಾಟಿದ ಮೇಲೆ ಇನ್ನೊಂದು ಎಫ್-16ರ ಪೈಲಟ್‌ಗೆ ಓ'ಗ್ರೇಡಿಯ ದನಿ ರೇಡಿಯೊದಲ್ಲಿ ಸಿಕ್ಕಿತು. ಅವನನ್ನು ಎತ್ತಿಕೊಂಡಿದ್ದು ಬೆಳಗಿನ ಏಳಕ್ಕೆ ಸ್ವಲ್ಪ ಮುಂಚೆ. ನಡುವೆ ನಾಲ್ಕೂವರೆ ಗಂಟೆಗೂ ಜಾಸ್ತಿ. ಮ್ಯಾಪ್ ತೆಗೆದು ಅಳೆದೆ. ಮ್ರ್ಕೊನ್ಯಿಚ್ ಗ್ರಾದ್‌ನಿಂದ ಸ್ಪ್ಲಿಟ್ ಕಡೆಯ ಸಮುದ್ರ ತೀರಕ್ಕೆ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಬೆಂಗಳೂರು ಮೈಸೂರಿನ ನೇರ ದೂರಕ್ಕಿಂತ ಕಮ್ಮಿಯೇ. ಹೆಲಿಕಾಪ್ಟರ್‌ಗಳು ಇದ್ದದ್ದು ಏಡ್ರಿಯಾಟಿಕ್ ಸಮುದ್ರದಲ್ಲಿದ್ದ ಯುಎಸ್‌ಎಸ್ ಕಿಯರ್‌ಸಾರ್ಜ್ ಹಡಗಿನ ಮೇಲೆ. ಆ ಸಿಎಚ್-53 ಹೆಲಿಕಾಪ್ಟರ್ ಗಂಟೆಗೆ 250 ಕಿಲೋಮೀಟರಿಗೂ ಮೇಲೆ ಹಾರುತ್ತದೆ. ಬರೀ ಹಾರಾಟ ಅಂದರೆ ಒಂದು ಗಂಟೆಯೂ ಬೇಡ. ಉಳಿದ ಹೊತ್ತು ಎಲ್ಲಿ ಹೋಯಿತು?

ಇದನ್ನು ಹಿಡಿದುಕೊಂಡು ವಿದ್ಯಾರಣ್ಯಪುರದಲ್ಲಿರುವ ಒಬ್ಬ ನಿವೃತ್ತ ಹೆಲಿಕಾಪ್ಟರ್ ಪೈಲಟ್ ಮನೆಗೆ ಹೋದೆ. ನಮ್ಮ ವಾಯುಪಡೆಯಲ್ಲಿ ಬೆಟ್ಟಗಾಡಿನಲ್ಲೇ ಜಾಸ್ತಿ ಹಾರಿದವರು. ಕಾಗದ ನೋಡಿ ನಕ್ಕರು.

"ನೋಡಿ ಇವ್ರೇ, ನೀವು ಆಟೋ ಲೆಕ್ಕ ಹಾಕಿದ್ದೀರ. ಕರೆದ ತಕ್ಷಣ ಹೊರಡೋದಲ್ಲ ಇದು. ಮೊದಲನೇ ಪ್ರಶ್ನೆ, ರೇಡಿಯೊದಲ್ಲಿ ಮಾತಾಡ್ತಿರೋನು ಅವನೇನಾ?"

"ಅದನ್ನ ಕೇಳಿದ್ದಾರೆ ಸರ್. ಕೊರಿಯಾದಲ್ಲಿದ್ದಾಗ ಯಾವ ಸ್ಕ್ವಾಡ್ರನ್ ಅಂತ."

"ಸರಿ. ಎರಡನೇದು, ಅವನ ಪಕ್ಕ ಬಂದೂಕು ಹಿಡ್ಕೊಂಡು ಯಾರಾದ್ರೂ ನಿಂತಿದ್ದಾರಾ? ಮೂರನೇದು, ಅವನನ್ನ ಹೊಡೆದ ಕ್ಷಿಪಣಿ ಈಗ ಎಲ್ಲಿದೆ? ಅದು ಗಾಡಿ ಮೇಲಿರೋದು. ಆರು ದಿನದಲ್ಲಿ ಎಲ್ಲಿಗೆ ಬೇಕಾದ್ರೂ ಹೋಗಿರಬಹುದು, ಅಲ್ವಾ?"

ಅಲ್ಲಿಂದ ಮುಂದೆ ಕೆಲಸ ಸಲೀಸಾಯಿತು. ಎತ್ತಲು ಹೋದದ್ದು ಎರಡು ದೊಡ್ಡ ಹೆಲಿಕಾಪ್ಟರ್ ಮತ್ತು ನಲವತ್ತರಷ್ಟು ಮರೀನ್‌ಗಳು. ಆದರೆ ಅವರ ಸುತ್ತ ಕೋಬ್ರಾ ದಾಳಿ ಹೆಲಿಕಾಪ್ಟರ್‌ಗಳಿದ್ದವು, ಹ್ಯಾರಿಯರ್‌ಗಳಿದ್ದವು. ಮೇಲೆ ರಾಡಾರ್ ಕುರುಡು ಮಾಡುವ ವಿಮಾನ, ಇಂಧನ ತುಂಬಿಸುವ ವಿಮಾನ, ಎಲ್ಲರಿಗೂ ದಾರಿ ಹೇಳುವ ವಿಮಾನ. ಎಲ್ಲ ಸೇರಿ ಸುಮಾರು 40. ಹೆಲಿಕಾಪ್ಟರ್‌ಗಳು ಹಡಗು ಬಿಟ್ಟಿದ್ದು ಬೆಳಗಿನ ಐದರ ಹೊತ್ತಿಗೆ. ಬಿಟ್ಟ ಮೇಲೂ ನೇರ ನುಗ್ಗಲಿಲ್ಲ. ಉಳಿದವರು ಸೇರಿಕೊಳ್ಳುವ ತನಕ ಸಮುದ್ರದ ಮೇಲೆ ಕಾದರು. ಅಷ್ಟು ವಿಮಾನಗಳನ್ನು ಬೇರೆ ಬೇರೆ ನೆಲೆಗಳಿಂದ ಎಬ್ಬಿಸಿ ಒಂದೇ ನಿಮಿಷಕ್ಕೆ ಒಂದೇ ಜಾಗಕ್ಕೆ ತರಬೇಕು. ನಾಲ್ಕೂವರೆ ಗಂಟೆ ನಿಧಾನ ಅಂದುಕೊಂಡು ಹೋದವನು ನಾನು. ಅವರ ಮನೆ ಬಿಡುವಾಗ ಇಷ್ಟು ಬೇಗ ಹೇಗಾಯಿತು ಅಂತ ಯೋಚಿಸುತ್ತಿದ್ದೆ.

ಪ್ರಶ್ನೆ ಸತ್ತಿತು ಅಂತಲ್ಲ, ಆಕಾರ ಬದಲಾಯಿತು. ಇಟಲಿಯ ಬ್ರಿಂಡಿಸಿಯಲ್ಲಿ ಅಮೆರಿಕದ ವಾಯುಪಡೆಯದೇ ವಿಶೇಷ ತಂಡ ಇತ್ತು. ರಾತ್ರಿ ಹೊತ್ತು ನುಗ್ಗಿ ಎತ್ತಿಕೊಂಡು ಬರುವುದೇ ಅವರ ಕಸುಬು. ಅವರನ್ನು ಬಿಟ್ಟು ಮರೀನ್‌ಗಳನ್ನು ಹಗಲಲ್ಲಿ ಯಾಕೆ ಕಳಿಸಿದರು? ಹಡಗು ಹತ್ತಿರ ಇತ್ತು, ಬೇಗ ತಲುಪಬಹುದಿತ್ತು ಅನ್ನುವುದು ಅಧಿಕೃತ ಉತ್ತರ. ಉತ್ತರ ಸರಿಯೇ ಇರಬಹುದು. ಆದರೆ ಆರು ದಿನ ತಡೆದವನು ಇನ್ನೊಂದು ಹಗಲು ತಡೆಯಲಾರ ಅಂತ ಯಾರು ಯಾವ ಆಧಾರದ ಮೇಲೆ ತೀರ್ಮಾನಿಸಿದರು? ಹಗಲಲ್ಲಿ ಹೋದದ್ದಕ್ಕೆ ಬೆಲೆಯೂ ತೆತ್ತರು. ವಾಪಸ್ ಬರುವಾಗ ಭುಜದ ಮೇಲಿಟ್ಟು ಹಾರಿಸುವ ಕ್ಷಿಪಣಿಗಳು ಬಂದವು, ಕೆಳಗಿಂದ ಗುಂಡು ಬಂತು. ಒಂದು ಗುಂಡು ಹೆಲಿಕಾಪ್ಟರಿನ ಮೈ ತೂರಿ ಒಳಗೆ ಕೂತಿದ್ದ ಸಾರ್ಜೆಂಟ್ ಮೇಜರ್ ಒಬ್ಬರ ಕ್ಯಾಂಟೀನ್‌ಗೆ, ಅಂದರೆ ನೀರಿನ ಬಾಟಲಿಗೆ ಬಡಿಯಿತು. ಪತ್ರಿಕೆಗಳು ಇದನ್ನು ಅದೃಷ್ಟದ ಕಥೆ ಮಾಡಿದವು. ಒಂದು ಗೇಣು ಆಚೀಚೆ ಆಗಿದ್ದರೆ ಇಡೀ ಕಾರ್ಯಾಚರಣೆಯ ಬಗ್ಗೆ ತನಿಖಾ ಸಮಿತಿ ಕೂರುತ್ತಿತ್ತು. ಎಲ್ಲರೂ ಮಾಡಿದ ಕೆಲಸ ಅದೇ ಆಗಿದ್ದರೂ ಸಹ.

ಇನ್ನೊಂದು ಖಾಲಿ ಜಾಗ ನನ್ನನ್ನು ಜಾಸ್ತಿ ಕಾಡಿತು. ಓ'ಗ್ರೇಡಿ ಇನ್ನೂ ಪೊದೆಯಲ್ಲಿ ಮುಖ ಹುದುಗಿಸಿಕೊಂಡು ಮಲಗಿದ್ದಾಗಲೇ, ಅವನ ರೇಡಿಯೊದ ಬೀಪರ್ ಸಿಗ್ನಲ್ ಆಗಾಗ ಬರುತ್ತಿದೆ ಅಂತ ಅಮೆರಿಕದ ವಾಯುಪಡೆಯ ಮುಖ್ಯಸ್ಥರು ಪತ್ರಕರ್ತರ ಮುಂದೆ ಹೇಳಿಬಿಟ್ಟಿದ್ದರು. ಟಿವಿ ಸರ್ಬ್‌ಗಳೂ ನೋಡುತ್ತಾರೆ. ಅವನು ಸತ್ತಿಲ್ಲ, ಹುಡುಕಿ ಅಂತ ಹೇಳಿದ ಹಾಗಲ್ಲವಾ ಅದು? ಈ ಮಾತನ್ನು ನಮ್ಮ ಪೈಲಟ್ ಸಾಹೇಬರಿಗೆ ಓದಿ ಹೇಳಿದಾಗ ಅವರು ನಗಲಿಲ್ಲ. "ಇದನ್ನ ದಪ್ಪ ಅಕ್ಷರದಲ್ಲಿ ಹಾಕಿ" ಅಂದರು.

ವಿಮಾನ ಬೀಳುವ ಮುಂಚಿನ ಪ್ರಶ್ನೆಯೂ ಇದೆ. ಆ ಭಾಗದಲ್ಲಿ ಕ್ಷಿಪಣಿ ರಾಡಾರ್ ಇರುವ ಸುಳಿವು ಗುಪ್ತಚರರಿಗೆ ಸಿಕ್ಕಿತ್ತು, ಅದು ಪೈಲಟ್‌ಗಳ ಕಿವಿಗೆ ಮುಟ್ಟಲಿಲ್ಲ ಅಂತ ಆ ತಿಂಗಳೇ ವರದಿಯಾಗಿತ್ತು. ರಾಡಾರ್ ಹೊಡೆಯುವ ಬೆಂಗಾವಲೂ ಜೊತೆಗಿರಲಿಲ್ಲ. ಕಾಗದದ ಮೇಲೆ ಇದು ಜೂನ್ 2ಕ್ಕಿಂತ ಎಡಕ್ಕೆ ಬರುತ್ತದೆ. ಹೆಚ್ಚಿನ ಲೇಖನಗಳು ಶುರುವಾಗುವುದೇ ಜೂನ್ 2ರಿಂದ.

ಒಂದೇ ಘಟನೆ ಇಟ್ಟುಕೊಂಡರೆ ಪ್ರಶ್ನೆಗಳು ತೂಕ ತಪ್ಪುತ್ತವೆ. ಪಕ್ಕದಲ್ಲಿ ಇನ್ನೊಂದೆರಡು ಇಡಬೇಕು. 1972ರ ಏಪ್ರಿಲ್ 2ರಂದು ವಿಯೆಟ್ನಾಮಿನಲ್ಲಿ ಬಿದ್ದ ಇಬಿ-66 ವಿಮಾನದಿಂದ ಹ್ಯಾಂಬಲ್‌ಟನ್ ಅನ್ನುವ 53 ವರ್ಷದ ನ್ಯಾವಿಗೇಟರ್ ಒಬ್ಬರೇ ಬದುಕಿದರು. ಅವರನ್ನು ಎತ್ತಲು ಹೋದ ಒಂದೇ ಹೆಲಿಕಾಪ್ಟರಿನಲ್ಲಿ ಆರು ಜನ ಸತ್ತರು. ಕೊನೆಗೆ ಕರೆತಂದದ್ದು ಹೆಲಿಕಾಪ್ಟರ್ ಅಲ್ಲ. ಟಾಮ್ ನಾರಿಸ್ ಅನ್ನುವ ಅಮೆರಿಕನ್ ಮತ್ತು ನ್ಗುಯೆನ್ ವಾನ್ ಕಿಯೆಟ್ ಅನ್ನುವ ದಕ್ಷಿಣ ವಿಯೆಟ್ನಾಂ ಸೈನಿಕ ಸಣ್ಣ ದೋಣಿಯಲ್ಲಿ ನದಿಯ ಮೇಲೆ ಹೋಗಿ ತಂದರು. ಅಷ್ಟೂ ದಿನ ಆ ಒಬ್ಬ ಮನುಷ್ಯನ ಸುತ್ತ ಮೈಲುಗಟ್ಟಲೆ ಜಾಗದಲ್ಲಿ ಗುಂಡಿನ ದಾಳಿಗೆ ನಿರ್ಬಂಧ ಹೇರಿದ್ದರು. ಅದೇ ಜಾಗದಲ್ಲಿ ದಕ್ಷಿಣ ವಿಯೆಟ್ನಾಂ ಸೈನಿಕರು ಉತ್ತರದ ದೊಡ್ಡ ದಾಳಿಯನ್ನು ಎದುರಿಸುತ್ತಿದ್ದರು. ಅವರಲ್ಲಿ ಎಷ್ಟು ಜನ ಇದರಿಂದ ಸತ್ತರು? ವೀರರ ಪಟ್ಟಿಯಲ್ಲಿ ಆ ಲೆಕ್ಕಕ್ಕೆ ಜಾಗ ಇಲ್ಲ. 1991ರಲ್ಲಿ ಇರಾಕಿನಲ್ಲಿ ಎಫ್-16 ಪೈಲಟ್ ಒಬ್ಬನನ್ನು ತರಲು ಹೋದ ಬ್ಲ್ಯಾಕ್ ಹಾಕ್ ಬಿದ್ದು ಐವರು ಸತ್ತರು, ಮೂವರು ಸೆರೆಯಾದರು. ಆ ಪೈಲಟ್ ಕೂಡ ಸೆರೆಯಾದ. ಹೀಗೆ ಪಕ್ಕಪಕ್ಕ ಇಟ್ಟಾಗ ಮಾತ್ರ ಕ್ಯಾಂಟೀನಿಗೆ ಬಡಿದ ಆ ಗುಂಡಿನ ತೂಕ ಗೊತ್ತಾಗುವುದು.

ನಮ್ಮದೇ ಕಾರ್ಗಿಲ್ ಇದೆಯಲ್ಲ. 1999ರ ಮೇ 27. ವಾಯುಪಡೆಯ ಪೈಲಟ್ ನಚಿಕೇತ ಹಾರಿಸುತ್ತಿದ್ದ ಮಿಗ್-27ರ ಎಂಜಿನ್ ಆರಿಹೋಗಿ ಅವರು ಪ್ಯಾರಾಚೂಟ್ ಹಿಡಿದು ಹಾರಿಕೊಂಡರು. ಅವರು ಎಲ್ಲಿ ಬಿದ್ದರು ಅಂತ ನೋಡಲು ಅಲ್ಲೇ ಉಳಿದ ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಅವರ ಮಿಗ್-21 ಕ್ಷಿಪಣಿಗೆ ಸಿಕ್ಕಿತು. ಅಹುಜಾ ಕೂಡ ಹಾರಿಕೊಂಡಿದ್ದರು, ಆದರೆ ವಾಪಸ್ ಬಂದದ್ದು ಗುಂಡಿನ ಗಾಯಗಳಿದ್ದ ದೇಹ. ಜೀವಂತ ನೆಲ ಮುಟ್ಟಿದ ಮೇಲೆ ಅವರನ್ನು ಕೊಂದರು ಅಂತ ಭಾರತ ಹೇಳಿತು. ಮಾರನೇ ದಿನ ಒಂದು ಎಂಐ-17 ಹೆಲಿಕಾಪ್ಟರನ್ನೂ ಹೊಡೆದರು, ನಾಲ್ವರು ಸತ್ತರು. ಪಾಕಿಸ್ತಾನದ ಸೆರೆ ಸೇರಿದ್ದ ನಚಿಕೇತ ಜೂನ್ ಮೊದಲ ವಾರದಲ್ಲಿ ವಾಪಸ್ ಬಂದರು, ಅದೂ ಮಾತುಕತೆಯಿಂದ. ಅಲ್ಲಿಗೆ ಹೆಲಿಕಾಪ್ಟರ್ ಯಾಕೆ ಹೋಗಲಿಲ್ಲ ಅಂತ ಕೇಳುವವರಿಗೆ ಪೈಲಟ್ ಸಾಹೇಬರ ಉತ್ತರ ಇಷ್ಟೇ: "ಆ ಎತ್ತರದಲ್ಲಿ ಗಾಳಿ ತೆಳು ಸ್ವಾಮಿ. ಒಂದೇ ಜಾಗದಲ್ಲಿ ನಿಲ್ಲಿಸೋದಕ್ಕೇ ಎಂಜಿನ್ ಒದ್ದಾಡುತ್ತೆ. ಕೆಳಗೆ ಭುಜದ ಮೇಲೆ ಕ್ಷಿಪಣಿ ಇಟ್ಕೊಂಡೋನು ಕೂತಿದ್ರೆ ಅವನಿಗೆ ನಿಂತಿರೋ ಗುರಿ ಸಿಕ್ಕಿದ ಹಾಗೆ." ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋದವರು ಅಲ್ಲಿ ಇಟ್ಟಿರುವ ಯಂತ್ರಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಒಂದು ಹೆಲಿಕಾಪ್ಟರ್ ಯಾವ ಎತ್ತರದಲ್ಲಿ ಎಷ್ಟು ಭಾರ ಎತ್ತುತ್ತದೆ ಅಂತ ಯಾರಾದರೂ ಕೇಳಿದ್ದು ನಾನು ನೋಡಿಲ್ಲ. ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇರುತ್ತದೆ.

ಮುಟ್ಟದೇ ಬಿಟ್ಟ ಪ್ರಶ್ನೆಗಳೂ ಇವೆ. ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರ ಅಪಾಯದಲ್ಲಿರುವ ಹಡಗು, ವಿಮಾನಗಳ 406 ಮೆಗಾಹರ್ಟ್ಸ್ ಬೀಕನ್ ಸಂಕೇತಗಳನ್ನು ಉಪಗ್ರಹಗಳ ಮೂಲಕ ಹಿಡಿದು ರಕ್ಷಣಾ ಪಡೆಗಳಿಗೆ ತಿಳಿಸುತ್ತದೆ. ಸಮುದ್ರದಲ್ಲಿ ಬಿದ್ದವನಿಗೆ ಅದು ಸಂಜೀವಿನಿ. ಶತ್ರುಗಳ ನಡುವೆ ಬಿದ್ದವನಿಗೆ ಎಲ್ಲರಿಗೂ ಕೇಳುವ ದನಿಯೇ ಯಮ. ಹಾಗಾದರೆ ಸೈನಿಕ ರೇಡಿಯೊಗಳು ಹೇಗೆ ಕೂಗುತ್ತವೆ, ಎಷ್ಟು ಹೊತ್ತಿಗೊಮ್ಮೆ, ಯಾವ ರೀತಿ? ಹಳೆಯವು ಗೊತ್ತಿವೆ. ಈಗಿನವನ್ನು ನಾನು ಕೆದಕಲು ಹೋಗಲಿಲ್ಲ. ನಾಳೆ ಬೀಳುವವನೊಬ್ಬ ಇದ್ದಾನೆ. ರಹಸ್ಯ ಅಂತ ಮುಚ್ಚಿಟ್ಟಿದ್ದೆಲ್ಲ ಹೀಗೆ ನಿಜವಾಗಿ ಮುಚ್ಚಿಡಬೇಕಾದದ್ದಲ್ಲ. ಆದರೆ ಇದು ಹೌದು.

ಕೆಲವು ಉತ್ತರ ಎದುರಾಳಿಯ ಕಡೆಯಿಂದಲೇ ಬರಬೇಕು. ಕೊಡಗಿನ ಸ್ಕ್ವಾಡ್ರನ್ ಲೀಡರ್ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋಗಿ ವಾಪಸ್ ಬರಲಿಲ್ಲ. ನಾಪತ್ತೆ ಅಂತ ಬರೆದು ಸುಮ್ಮನಾದರು. ಅವರು ತಮ್ಮ ಹಳೇ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಒಂದನ್ನು ಕೆಡವಿದ್ದರು ಅಂತ ಗೊತ್ತಾಗಿದ್ದು ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ವಾಯುಪಡೆಯ ಬಗ್ಗೆ ಬರೆದ ಮೇಲೆ. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ, 23 ವರ್ಷ ಕಳೆದು. ಅದಕ್ಕೇ ಓ'ಗ್ರೇಡಿ ಕಾಗದದಲ್ಲಿ ಸರ್ಬ್ ಕಡೆಯವರಿಗೆ ಅಂತ ಒಂದು ಸಾಲು ಬಿಟ್ಟಿದ್ದೆ. ಅದು ಬಹುಪಾಲು ಖಾಲಿಯೇ ಉಳಿಯಿತು. ಅವನು ಬಿದ್ದ ಸ್ವಲ್ಪ ಹೊತ್ತಿಗೇ ಜನ ಅವನ ತೀರಾ ಹತ್ತಿರ ಹಾದುಹೋಗಿದ್ದರು ಅಂತ ಅವನೇ ಹೇಳಿದ್ದಾನೆ. ಅವರಲ್ಲಿ ಯಾರಾದರೂ ನೋಡಿಯೂ ನೋಡದ ಹಾಗೆ ಹೋದರಾ? ನಾನು ಓದಿದ ಯಾವ ವರದಿಯಲ್ಲೂ ಆ ಹಳ್ಳಿಯವರ ಒಂದು ಮಾತಿಲ್ಲ.

ಲೇಖನದಲ್ಲಿ ಈ ಪ್ರಶ್ನೆಗಳನ್ನು ಪ್ರಶ್ನೆಗಳಾಗಿಯೇ ಬಿಟ್ಟೆ. ಸಂಪಾದಕರು ಗೊಣಗಿದರು. ಉತ್ತರ ಇಲ್ಲದಿದ್ದರೆ ಓದುಗರು ನನಗೆ ಫೋನ್ ಮಾಡುತ್ತಾರೆ ಅಂದರು. ಮಾಡಿದರು ಕೂಡ. ಹೆಚ್ಚಿನವರಿಗೆ ಇರುವೆಯ ರುಚಿ ಹೇಗಿತ್ತು ಅಂತ ತಿಳಿಯಬೇಕಿತ್ತು. ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದ ಒಬ್ಬರು ಮಾತ್ರ ಬೇರೆ ಕೇಳಿದರು. ಗುಂಡು ಬಿದ್ದ ಹೆಲಿಕಾಪ್ಟರ್ ಮತ್ತೆ ಹಾರಲು ಎಷ್ಟು ದಿನ ಹಿಡಿಯಿತು, ಅಷ್ಟರಲ್ಲಿ ಇನ್ನೊಬ್ಬ ಪೈಲಟ್ ಬಿದ್ದಿದ್ದರೆ ಯಾರು ಹೋಗುತ್ತಿದ್ದರು ಅಂತ. ಅದನ್ನು ಕಾಗದದಲ್ಲಿ ಜೂನ್ 8ರ ಬಲಕ್ಕೆ ಬರೆದಿಟ್ಟಿದ್ದೇನೆ.