ಹಿನ್ನೀರಿನಲ್ಲಿ ದೋಣಿವಿಹಾರ: ಹತ್ತುವ ಮುನ್ನ, ಹತ್ತಿದ ಮೇಲೆ

ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರ, ಬದಿಯಡ್ಕದ ಕಡೆಯಿಂದ ರಜೆಯಲ್ಲಿ ತಿರುಗಾಟಕ್ಕೆ ಹೊರಡುವ ಅನೇಕರು ಈಗ ಬೇಕಲ ಕೋಟೆಗೆ ನಿಲ್ಲದೆ ನೀಲೇಶ್ವರದ ಕೋಟಪ್ಪುರಕ್ಕೋ ವಲಿಯಪರಂಬದ ಹಿನ್ನೀರಿಗೋ ಹೋಗುತ್ತಾರೆ. ಕಡಲಿಗೆ ಅಡ್ಡವಾಗಿ ಉದ್ದಕ್ಕೂ ಮಲಗಿರುವ ಮರಳಿನ ಪಟ್ಟಿಯ ಒಳಬದಿಯಲ್ಲಿ ಅಲೆಯೇ ಇಲ್ಲದ ನೀರನ್ನು ಕಂಡಾಗ ಊರಿನ ಕೆರೆಯ ನೆನಪಾಗುವುದು ಸಹಜ. ಆದರೆ ಇದು ಕೆರೆಯಲ್ಲ. ಅಳಿವೆಯ ಮೂಲಕ ಕಡಲು ದಿನಕ್ಕೆ ಎರಡು ಸಲ ಒಳಗೆ ಬಂದು ಎರಡು ಸಲ ಹಿಂದೆ ಸರಿಯುವ ದಾರಿ.

ಆದ್ದರಿಂದ ಮೊದಲು ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಉಬ್ಬರವು ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆಯಾದ್ದರಿಂದ ಕಳೆದ ಭಾನುವಾರ ಅನುಕೂಲವಾಗಿದ್ದ ಸಮಯ ಈ ಭಾನುವಾರಕ್ಕೆ ಹೊಂದುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಂತೂ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಇದನ್ನು ವಿಚಾರಿಸದೆ ಹೊರಟ ನಮ್ಮ ಸಣ್ಣ ದೋಣಿ ಒಮ್ಮೆ ಮರಳದಿಣ್ಣೆಯ ಮೇಲೆ ಕೂತುಬಿಟ್ಟಿತು. ದೋಣಿಯವರು ಗಳ ಊರಿ ನೂಕಿ ನೋಡಿ, ಆಗದೆಂದು ಕಂಡಮೇಲೆ ಗಳವನ್ನು ಅಡ್ಡ ಇಟ್ಟು, 'ಇನ್ನು ನೀರು ಬರಬೇಕು' ಎಂದು ಕುಳಿತರು. ಕಟ್ಟಿಕೊಂಡು ಹೋಗಿದ್ದ ಅವಲಕ್ಕಿ ಮುಗಿದು ಬಹಳ ಹೊತ್ತಾದ ಮೇಲೆ ನೀರು ಬಂತು. ಮಧ್ಯಾಹ್ನದ ನಂತರ ಕಡಲಗಾಳಿ ಬಲಿಯುವುದರಿಂದ ಹುಟ್ಟು ಹಾಕುವ ದೋಣಿಗೂ ಕಯಾಕಿಗೂ ಬೆಳಗ್ಗೆಯೇ ಒಳ್ಳೆಯದು. ಅಕ್ಟೋಬರ್, ನವೆಂಬರ್ ತಿಂಗಳ ತುಲಾಮಳೆಯ ಕಾಲದಲ್ಲಿ ಸಂಜೆಯ ಗುಡುಗು ಕೇಳಿದೊಡನೆ ದಡ ಸೇರಬೇಕು, ಏಕೆಂದರೆ ಬಯಲು ನೀರಿನ ಮೇಲೆ ಎಲ್ಲರಿಗಿಂತ ಎತ್ತರದಲ್ಲಿ ಇರುವವರು ನೀವೇ.

ಧಕ್ಕೆಯಲ್ಲಿ ಹಣ ಕೊಡುವ ಮುಂಚೆ ದೋಣಿಯನ್ನು ಓದಿ. ಯಂತ್ರದ ದೋಣಿಗೆ ನೋಂದಣಿ, ತಪಾಸಣೆಯ ಪ್ರಮಾಣಪತ್ರ, ವಿಮೆ ಮತ್ತು ಅರ್ಹತೆ ಪಡೆದ ಸಿಬ್ಬಂದಿ ಇರಬೇಕೆಂದು 2021ರ ಒಳನಾಡು ಹಡಗುಗಳ ಕಾಯ್ದೆ ಹೇಳುತ್ತದೆ. ಕೇರಳದಲ್ಲಿ ನೋಂದಾಯಿತ ದೋಣಿಯ ಮೈಮೇಲೆ ಕೆಐವಿ ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ. ಎಷ್ಟು ಮಂದಿ ಹತ್ತಬಹುದೆಂದು ಕೇಳಿ ತಿಳಿದು ತಲೆ ಎಣಿಸಿ. ಮಡಿಲಲ್ಲಿರುವ ಮಗುವೂ ಒಂದು ತಲೆಯೇ. 2023ರ ಮೇ 7ರಂದು ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದ ವಿಹಾರದ ಬೋಟು ಕತ್ತಲಾಗುವ ಹೊತ್ತಿಗೆ ಮಗುಚಿ 22 ಮಂದಿ ತೀರಿಕೊಂಡರು. 'ಇನ್ನಿಬ್ಬರು ತಾನೇ, ಹೊಂದಿಸಿಕೊಳ್ಳಿ' ಎಂಬ ಮಾತು ಕೇಳಿದರೆ ಇಳಿದುಬಿಡುವುದೇ ಸರಿ; ಮರ್ಯಾದೆಗೆ ಅಂಜುವ ಜಾಗ ಅದಲ್ಲ.

ಲೈಫ್ ಜಾಕೆಟನ್ನು ಕುರ್ಚಿಯ ಬೆನ್ನಿಗೆ ಹಾಕುವುದಲ್ಲ, ದಡದಲ್ಲೇ ತೊಟ್ಟು ಎಲ್ಲ ಬಕಲ್‌ಗಳನ್ನೂ ಬಿಗಿಯಬೇಕು. ಹೆಗಲ ಪಟ್ಟಿಯನ್ನು ಹಿಡಿದು ಮೇಲಕ್ಕೆಳೆದಾಗ ಅದು ಗಲ್ಲ, ಕಿವಿಗಳ ಮಟ್ಟಕ್ಕೆ ಏರಿದರೆ ಅಳತೆ ದೊಡ್ಡದಾಯಿತೆಂದು ಅರ್ಥ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ಸಣ್ಣ ದೋಣಿಗೆ ಹತ್ತುವಾಗ ಅಂಚನ್ನು ಮೆಟ್ಟದೆ ನಡುವೆ ಕಾಲಿಟ್ಟು ತಗ್ಗಿ ಕೂಡಬೇಕು. ನೀರುಕಾಗೆಯನ್ನೋ ಮೀನು ಹಾರುವುದನ್ನೋ ನೋಡಲು ಎಲ್ಲರೂ ಒಂದೇ ಬದಿಗೆ ಧಾವಿಸಬಾರದು. 2009ರ ಸೆಪ್ಟೆಂಬರ್ 30ರಂದು 45 ಮಂದಿಯನ್ನು ಬಲಿತೆಗೆದುಕೊಂಡ ತೇಕ್ಕಡಿಯ ದೋಣಿ ದುರಂತಕ್ಕೆ ಹೀಗೆ ಒಂದು ಬದಿಗೆ ಸರಿದದ್ದೂ ಕಾರಣವಾಗಿತ್ತು.

ನೀವೇ ದೋಣಿ ನಡೆಸುವವರಾದರೆ ರಸ್ತೆಯ ಅಭ್ಯಾಸವನ್ನು ದಡದಲ್ಲೇ ಬಿಡಿ. ನೀರಿನಲ್ಲಿ ಬಲಬದಿಯೇ ನಿಯಮ: ಎದುರಿಗೆ ದೋಣಿ ಬಂದಾಗ ಇಬ್ಬರೂ ಬಲಕ್ಕೆ ಸರಿಯಬೇಕು, ಅಡ್ಡ ಹಾಯುವಾಗ ನಿಮ್ಮ ಬಲದಿಂದ ಬರುವ ಯಂತ್ರದ ದೋಣಿಗೆ ನೀವು ದಾರಿ ಬಿಡಬೇಕು, ಹಿಂದಿಕ್ಕಿ ಹೋಗುವವನೇ ದೂರ ಉಳಿಯಬೇಕು. ಬಲೆ ಹಾಕಿರುವ ದೋಣಿಗೂ ಹುಟ್ಟಿನ ದೋಣಿಗೂ ಯಂತ್ರದ ದೋಣಿ ತಾನೇ ತಗ್ಗಬೇಕು.

ಇಲ್ಲಿನ ನಿಜವಾದ ಸೌಜನ್ಯ ಇದೇ ಹಿನ್ನೀರಿನ ದಡದ ಪಡನ್ನ ಊರಿನ ಸುತ್ತಮುತ್ತ ಬೇಕಾಗುತ್ತದೆ. ನೀರಿನಿಂದ ತಲೆ ಎತ್ತಿರುವ ಬಿದಿರುಗಳ ಚಪ್ಪರವನ್ನು ಹಲವರು ಮುರಿದ ಬೇಲಿಯೆಂದು ತಿಳಿಯುತ್ತಾರೆ. ಅದು ಪಚ್ಚಿಲೆ ಎಂಬ ತಿನ್ನುವ ಚಿಪ್ಪುಜೀವಿಯ ತೋಟ; ಮಲಯಾಳದಲ್ಲಿ ಪಚ್ಚಿಲೆಗೆ ಕಲ್ಲುಮ್ಮಕ್ಕಾಯ ಎನ್ನುತ್ತಾರೆ. ಎಳೆಯ ಚಿಪ್ಪುಗಳನ್ನು ತೆಳುಬಟ್ಟೆಯಲ್ಲಿ ಹಗ್ಗಕ್ಕೆ ಸುತ್ತಿ ಇಳಿಬಿಡುತ್ತಾರೆ. ಬಟ್ಟೆ ಕೊಳೆತು ಹೋಗುವುದರೊಳಗೆ ಚಿಪ್ಪುಗಳು ತಮ್ಮದೇ ನಾರಿನಿಂದ ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಮಳೆಗಾಲದಲ್ಲಿ ನೀರಿನ ಉಪ್ಪು ಇಳಿಯುವುದರಿಂದ ಅದಕ್ಕೂ ಮೊದಲೇ ಕೊಯ್ಲು ಮುಗಿಯಬೇಕು. ವೇಗದ ಬೋಟು ಎಬ್ಬಿಸುವ ಅಲೆ ಆ ಹಗ್ಗಗಳನ್ನು ಜಗ್ಗಿ ಕಾಯಿ ಉದುರಿಸಬಹುದು, ಯಂತ್ರದ ತಿರುಗುರೆಕ್ಕೆ (ಪ್ರೊಪೆಲ್ಲರ್) ಹಗ್ಗವನ್ನೇ ಕಡಿಯಬಹುದು. ದೂರದಿಂದಲೇ ಯಂತ್ರವನ್ನು ತಗ್ಗಿಸಿ, ಹಿಂದೆ ಅಲೆ ಏಳದಷ್ಟು ನಿಧಾನವಾಗಿ, ಸುತ್ತು ಬಳಸಿ ಹೋಗಿ. ಬೀಸುಬಲೆ ಎಸೆಯುವವರ ಬಳಿಯೂ ಹಾಗೆಯೇ; ನಿಮ್ಮ ಹಾಡಿನ ಪೆಟ್ಟಿಗೆಯನ್ನು ಆಗ ನಿಲ್ಲಿಸಿದರೆ ಅವರಿಗೆ ಬಹಳ ಉಪಕಾರ.

ದೋಣಿ ಮಗುಚಿದರೆ ದಡ ಹತ್ತಿರ ಕಂಡರೂ ಈಜಿ ಹೊರಡಬೇಡಿ. ಇಳಿತದ ಸೆಳೆತ ಅಳಿವೆಯ ಕಡೆಗೆ ಒಯ್ಯುತ್ತದೆ. ತೇಲುವ ದೋಣಿಯನ್ನೇ ಹಿಡಿದು ಎಲ್ಲರೂ ಒಟ್ಟಿಗೆ ಇರಿ. ಬಿದ್ದವರನ್ನು ಎತ್ತಲು ನೀರಿಗೆ ಹಾರದೆ ಗಳ ಚಾಚಿ ಅಥವಾ ಹಗ್ಗ ಎಸೆದು, ಯಂತ್ರವನ್ನು ನಿಲ್ಲಿಸಿಯೇ ಹತ್ತಿರಕ್ಕೆ ಎಳೆಯಿರಿ. 112ಕ್ಕೆ ಅಥವಾ ಕರಾವಳಿ ಪೊಲೀಸರ 1093ಕ್ಕೆ ಕರೆಮಾಡಿ ಹತ್ತಿರದ ಧಕ್ಕೆಯ ಹೆಸರು ಹೇಳಿ. ಹೊರಡುವಾಗಲೇ ಆ ಹೆಸರನ್ನು ಕೇಳಿ ಇಟ್ಟುಕೊಂಡಿರಬೇಕು.

ಮರಳಿ ಬಂದಾಗ ಹಗ್ಗ ಬಿಗಿದು ಕಟ್ಟುವವರೆಗೆ ಯಾರೂ ಏಳಬಾರದು, ಜಾಕೆಟನ್ನು ನೆಲ ಮುಟ್ಟಿದ ಮೇಲೆಯೇ ಬಿಚ್ಚಬೇಕು.