ಮನೆಯ ಮಷೀನು, ಜಿಮ್ಮಿನ ಬಾರು: ತೂಕ ಹೋಲಿಸುವುದು ಹೇಗೆ?

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ತೋಟದ ಮನೆಯಿಂದ ಪೇಟೆಯ ಜಿಮ್‌ಗೆ ದಿನಾ ಹೋಗಿಬರುವುದು ಆಗದ ಮಾತು. ಅದಕ್ಕೇ ನಾನೂ ಮನೆಗೆ ಕೇಬಲ್ ಎಳೆದು ವ್ಯಾಯಾಮ ಮಾಡುವ ಮಷೀನ್ ತರಿಸಿದೆ. ಮಳೆಗಾಲವಿಡೀ ಅದರಲ್ಲಿ 40 ಕೆ.ಜಿ. ತಳ್ಳಿದೆ. ದಸರಾ ಕಳೆದ ಮೇಲೆ ಶಿವಮೊಗ್ಗದ ಜಿಮ್‌ನಲ್ಲಿ ಬಾರ್‌ಗೂ, ಅಂದರೆ ಎರಡು ತುದಿಗೂ ತೂಕದ ಬಿಲ್ಲೆ ಸಿಕ್ಕಿಸುವ ಉದ್ದನೆಯ ಕಬ್ಬಿಣದ ಸರಳಿಗೂ, ಅಷ್ಟೇ ತೂಕ ಹಾಕಿ ಎತ್ತಲು ಮಲಗಿದೆ. ಎದೆಗೆ ಇಳಿದದ್ದು ಮೇಲೇಳಲಿಲ್ಲ. ಪಕ್ಕದಲ್ಲಿದ್ದವರು ಓಡಿಬಂದು ಎತ್ತಿದರು.

ಹಾಗಾಗಿ ಮೊದಲ ಕೆಲಸ, ಮಷೀನಿನ ಮೇಲೆ ಬರೆದ ಅಂಕಿಯನ್ನು ನಂಬದೆ ತೂಗಿ ನೋಡುವುದು. ಮೊದಲು ರಾಟೆ ನೋಡಿ. ಬಾವಿಯ ರಾಟೆ ಒಂದೇ ಕಡೆ ಕೂತಿರುತ್ತದೆ, ಹಗ್ಗದ ದಿಕ್ಕನ್ನಷ್ಟೇ ಬದಲಿಸುತ್ತದೆ. ಮಷೀನಿನಲ್ಲಿ ತೂಕದ ಜೊತೆಗೇ ಮೇಲೆ ಕೆಳಗೆ ಓಡಾಡುವ ರಾಟೆ ಇದ್ದರೆ ಭಾರ ಅರ್ಧಕ್ಕಿಳಿಯುತ್ತದೆ. 20 ಕೆ.ಜಿ. ಬಿಲ್ಲೆ ಹಾಕಿದರೂ ಕೈಗೆ ಸಿಗುವುದು ಸುಮಾರು 10.

ಈಗ ಮನೆಯಲ್ಲಿರುವ ಕೊಕ್ಕೆ ತಕ್ಕಡಿ ತನ್ನಿ. ಕೇಬಲ್ಲಿನ ಹಿಡಿಗೆ ಸಿಕ್ಕಿಸಿ ನಿಧಾನವಾಗಿ ಎಳೆಯಿರಿ. ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಎಷ್ಟು ತೋರಿಸುತ್ತದೆ ಬರೆದಿಡಿ. ರಬ್ಬರ್ ಅಥವಾ ಸ್ಪ್ರಿಂಗ್ ಮಷೀನಾದರೆ ಎಳೆದಷ್ಟೂ ಅಂಕಿ ಏರುತ್ತದೆ. ಆಮೇಲೆ ವಾಪಸ್ ಬಿಡುತ್ತಾ ನೋಡಿ. ಅಂಕಿ ತುಂಬಾ ಕಡಿಮೆಯಾದರೆ ಎಲ್ಲೋ ಉಜ್ಜುತ್ತಿದೆ ಎಂದರ್ಥ. ಭಾರ ಇಳಿಸುವಾಗಲೂ ಸ್ನಾಯು ಕೆಲಸ ಮಾಡಬೇಕು ಅಲ್ವಾ? ಆ ಲಾಭ ಅಲ್ಲೇ ಸೋರಿಹೋಗುತ್ತದೆ. ನಮ್ಮ ಕಡೆಯ ಥಂಡಿಗೆ ತುಕ್ಕು ಬೇಗ ಹಿಡಿಯುತ್ತದೆ. ಕಂಬಿಗಳನ್ನು ಒರೆಸಿ ತೆಳ್ಳಗೆ ಎಣ್ಣೆ ಹಚ್ಚಿ. ಕೇಬಲ್ಲಿನ ಎಳೆ ಬಿಟ್ಟಿದ್ದರೆ ಅದನ್ನು ಬಳಸಲೇಬೇಡಿ.

ಹಾಗಂತ ಮಷೀನ್ ದಂಡವಲ್ಲ. ಕೊನೆಯ ಒಂದೆರಡು ಸಲ ನಿಜಕ್ಕೂ ಕಷ್ಟವಾಗುವಷ್ಟು ಮಾಡಿದರೆ ಸ್ನಾಯು ಮಷೀನಿನಲ್ಲೂ ಚೆನ್ನಾಗಿಯೇ ಬೆಳೆಯುತ್ತದೆ. ಎಂಟು ಸಲ ಆಗುವ ತೂಕದಿಂದ ಶುರು ಮಾಡಿ. ಹನ್ನೆರಡು ಸಲ ಆಯಿತೆಂದರೆ ಸ್ವಲ್ಪ ಏರಿಸಿ. ವಾರಕ್ಕೆ ಎರಡು ಮೂರು ದಿನ ಸಾಕು.

ಮಷೀನ್ ಕಲಿಸದೇ ಇರುವುದು ಸಮತೋಲ. ಅದರ ಹಿಡಿ ಒಂದೇ ದಾರಿಯಲ್ಲಿ ಓಡುತ್ತದೆ. ಬಾರು ಎಲ್ಲಿ ಬೇಕಾದರೂ ವಾಲುತ್ತದೆ, ಅದನ್ನು ತಡೆದು ನಿಲ್ಲಿಸುವ ಕೆಲಸವೂ ನಿಮ್ಮದೇ. 50 ಕೆ.ಜಿ. ಸಿಮೆಂಟ್ ಚೀಲವೂ ಹಾಗೇ ವಾಲುತ್ತದೆ. ತೋಟದ ಕೆಲಸಕ್ಕೆ ಬೇಕಾದ ಶಕ್ತಿ ಬಾರಿನಿಂದಲೇ ಜಾಸ್ತಿ ಬರುತ್ತದೆ ಎಂದು ನಾನು ಹೇಳುವುದು ಇದಕ್ಕೇ. ಮನೆಯಲ್ಲಿ ಒಂದು ಜೊತೆ ಡಂಬೆಲ್ ಇಟ್ಟುಕೊಳ್ಳಿ. ಕೂತು ಏಳುವುದು, ಬಗ್ಗಿ ಎಳೆಯುವುದು, ಎರಡು ಕೈಯಲ್ಲೂ ಹಿಡಿದು ನಡೆಯುವುದು, ಈ ಮೂರನ್ನು ಬಿಡಬೇಡಿ. ನಡಿಗೆ ಮಾತ್ರ ಜಗಲಿಯಲ್ಲೇ ಇರಲಿ, ಮಳೆಗಾಲದ ಅಂಗಳದಲ್ಲಿ ಪಾಚಿ ಜಾರುತ್ತದೆ.

ಮಳೆ ಬಿಟ್ಟು ಜಿಮ್‌ಗೆ ಹೋದ ದಿನ ಖಾಲಿ ಬಾರ್ ಎತ್ತಿ ನೋಡಿ. ದೊಡ್ಡ ಬಾರು ಒಂದೇ 20 ಕೆ.ಜಿ. ಇರುತ್ತದೆ. ಅದು ಅಲುಗದೆ ಹತ್ತು ಸಲ ಎದ್ದರೆ ಮಾತ್ರ ಬಿಲ್ಲೆ ಹಾಕಿ. ತಲೆಯ ಹಿಂದೆ ಒಬ್ಬರು ನಿಂತಿರಲಿ.