ಹಳೇ ಕಾರಿನ ಪೇಂಟ್ ಕೆರೆಯದೆ ಉಳಿಸಿಕೊಂಡೆ

ನೋಡಿದವರೆಲ್ಲ ಹೇಳಿದ್ದು ಒಂದೇ: ಪೂರ್ತಿ ಕೆರೆಸಿ ಹೊಸದಾಗಿ ಪೇಂಟ್ ಹೊಡೆಸಿ. 1960ರ ದಶಕದ ಕಡುಗೆಂಪು ಕಾರು. ಬಾನೆಟ್ ಮೇಲೆ ಬೆರಳಾಡಿಸಿದರೆ ಸೀಮೆಸುಣ್ಣ ಮುಟ್ಟಿದ ಹಾಗೆ ತಿಳಿಗೆಂಪು ಪುಡಿ ಅಂಟುತ್ತಿತ್ತು. ಆದರೆ ಎಡಗಡೆ ಮಡ್‌ಗಾರ್ಡ್ ಒಂದು ಬಿಟ್ಟು ಉಳಿದೆಲ್ಲ ಕಡೆ ಕಾರ್ಖಾನೆಯ ಪೇಂಟ್ ಹಾಗೇ ಇತ್ತು. ಅದನ್ನು ಕೆರೆದುಹಾಕಲು ನನಗೆ ಮನಸ್ಸು ಬರಲಿಲ್ಲ.

ಮೊದಲು ಅದು ಯಾವ ಜಾತಿಯ ಪೇಂಟ್ ಅಂತ ತಿಳಿಯಬೇಕಿತ್ತು. ಬಾಗಿಲು ತೆರೆದಾಗ ಮಾತ್ರ ಕಾಣುವ ಮೂಲೆಯಲ್ಲಿ, ಬಿಳಿ ಬಟ್ಟೆಗೆ ಒಂದು ತೊಟ್ಟು ಪಾಲಿಶ್ ಹಾಕಿ ಉಜ್ಜಿದೆ. ಬಟ್ಟೆ ಕೆಂಪಾಯಿತು. ಅಂದರೆ ಸಿಂಗಲ್ ಸ್ಟೇಜ್ ಪೇಂಟ್: ಬಣ್ಣವೇ ಕೊನೆಯ ಪದರ, ಅದನ್ನು ಕಾಯುವ ಬಣ್ಣವಿಲ್ಲದ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಮೇಲೆ ಇಲ್ಲ. ಕ್ಲಿಯರ್ ಕೋಟ್ ಎಲ್ಲ ಕಡೆ ಬಳಕೆಗೆ ಬಂದದ್ದು 1980ರ ದಶಕದಲ್ಲಿ. ಅದಕ್ಕಿಂತ ಹಳೇ ಕಾರುಗಳಲ್ಲಿ ಬಿಸಿಲು ನೇರವಾಗಿ ಬಣ್ಣಕ್ಕೇ ಬೀಳುತ್ತದೆ. ಕೆಂಪು ಬೇಗ ಮಾಸುವ ಬಣ್ಣ. ಮಾಸಿದ ಪದರದ ಕೆಳಗೆ ಒಳ್ಳೆ ಬಣ್ಣ ಇರುತ್ತದೆ ಅನ್ನುವುದು ನಿಜ. ಆದರೆ ಪ್ರತಿ ಸಲ ಉಜ್ಜಿದಾಗ ಹೋಗುವುದೂ ಬಣ್ಣವೇ ಅಲ್ವಾ?

ಅದಕ್ಕೇ ಪಾಲಿಶ್ ಮೆಷಿನ್ ಮುಟ್ಟುವ ಮುಂಚೆ ಗೇಜ್ ಇಟ್ಟು ಪೇಂಟಿನ ದಪ್ಪ ಅಳೆದೆ. ಕಾಗದದ ಮೇಲೆ ಕಾರಿನ ಚಿತ್ರ ಬರೆದು, ಎಲ್ಲಿ ಎಷ್ಟು ಮೈಕ್ರಾನ್ ಅಂತ ಗುರುತು ಮಾಡಿಕೊಂಡೆ. ಬಾಗಿಲುಗಳಲ್ಲಿ 110ರಿಂದ 120. ಬಾನೆಟ್‌ನಲ್ಲಿ ಬರೀ 70, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಗೇಜ್ ತೋರಿಸುವುದು ಬಣ್ಣದ ಕೆಳಗಿನ ಪ್ರೈಮರ್ ಪದರವನ್ನೂ ಸೇರಿಸಿ, ಅದು ನೆನಪಿರಬೇಕು. ನಮ್ಮ ಕೈಗೆ ಸಿಗುವ ಬಣ್ಣ ಇನ್ನೂ ಕಡಿಮೆ. ಎಡ ಮಡ್‌ಗಾರ್ಡ್ 280 ತೋರಿಸಿತು, ಕೆಳಗಡೆ ಒಂದು ಕಡೆ 900 ದಾಟಿತು. ಅಲ್ಲಿ ಒಳಗೆ ಪುಟ್ಟಿ ಇದೆ ಅಂತ ಗೊತ್ತಾಯಿತು.

ತೊಳೆದು, ಕ್ಲೇ ಬಾರ್ ಹಾಕಿದೆ. ಅದು ಪೇಂಟಿಗೆ ಅಂಟಿದ ಕೊಳೆಯನ್ನು ಎತ್ತುವ ಜೇಡಿಮಣ್ಣಿನಂಥ ಮೆತ್ತನೆ ಉಂಡೆ. ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಪೇಂಟ್ ಮೇಲೆ ಸವರಿ ನೋಡಿ. ಬರಿಗೈಗೆ ನುಣ್ಣಗೆ ಅನ್ನಿಸಿದ ಜಾಗದಲ್ಲೂ ಮರಳಿನ ಹಾಗೆ ತರಿತರಿ ಸಿಗುತ್ತದೆ. ಆ ತರಿ ಹೋಗುವವರೆಗೂ ಪಾಲಿಶ್ ಸುದ್ದಿಗೆ ಹೋಗಬಾರದು.

ಮುಂದಿನ ಕೆಲಸ ನನಗೆ ತುಂಬಾ ಇಷ್ಟವಾದದ್ದು. ಎಣ್ಣೆ ಅಂಶ ಜಾಸ್ತಿ ಇರುವ, ಉಜ್ಜುವ ಪುಡಿ ಇಲ್ಲದ ಗ್ಲೇಜ್ ಅನ್ನು ಬಾನೆಟ್‌ಗೆ ದಪ್ಪಗೆ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಒಡೆದ ಹಿಮ್ಮಡಿಗೆ ಎಣ್ಣೆ ಹಚ್ಚಿ ಮಲಗಿದ ಹಾಗೆ. ಬೆಳಗ್ಗೆ ಟರ್ಕಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ತುಂಬಾ ಸತ್ತ ಬಣ್ಣ. ಮೂರು ರಾತ್ರಿ ಹೀಗೇ ಮಾಡಿದೆ. ಮೂರನೇ ಬೆಳಗ್ಗೆ ತಿಳಿಗೆಂಪು ಹೋಗಿ ಒಳಗಿನ ಕಡುಗೆಂಪು ಕಾಣಿಸಿತು. ಆಗ ಸುಮ್ಮನೆ ನಿಂತು ನೋಡುತ್ತಲೇ ಇದ್ದೆ. ಇನ್ನೂ ಮೆಷಿನ್ ಆನ್ ಮಾಡಿರಲಿಲ್ಲ.

ಮೆಷಿನ್ ಡ್ಯುಯಲ್ ಆಕ್ಷನ್, ಅಂದರೆ ಪ್ಯಾಡ್ ತಿರುಗುತ್ತಾ ಅಲುಗಾಡುವಂಥದ್ದು, ಮೆತ್ತನೆ ಫೋಮ್ ಪ್ಯಾಡ್, ಇರುವುದರಲ್ಲೇ ಮೃದುವಾದ ಪಾಲಿಶ್. ಒಂದು ಗೇಣು ಅಗಲದ ಜಾಗದಲ್ಲಿ ಮೊದಲು ಪ್ರಯೋಗ. ಟಾರ್ಚನ್ನು ಓರೆಯಾಗಿ ಹಿಡಿದರೆ ಜೇಡರ ಬಲೆಯಂಥ ಸಣ್ಣ ಗೀರುಗಳು ಹೋಗಿದ್ದವು. ಎರಡು ಮೂರು ಆಳದ ಗೀರು ಉಳಿದವು, ಉಳಿಯಲಿ ಅಂತ ಬಿಟ್ಟೆ. ಅವುಗಳ ಹಿಂದೆ ಬಿದ್ದರೆ 70 ಮೈಕ್ರಾನ್ ಎಲ್ಲಿ ಸಾಲುತ್ತದೆ? ಸಿಂಗಲ್ ಸ್ಟೇಜ್‌ನಲ್ಲಿ ಪ್ಯಾಡ್ ಬೇಗ ಬಣ್ಣ ಕುಡಿದು ಗಟ್ಟಿಯಾಗುತ್ತದೆ. ಒಂದೊಂದು ಭಾಗ ಮುಗಿದ ಮೇಲೂ ಬ್ರಷ್‌ನಿಂದ ಪ್ಯಾಡ್ ಸ್ವಚ್ಛ ಮಾಡಿದೆ.

ತಪ್ಪು ಆದದ್ದು ಡಿಕ್ಕಿಯ ಅಂಚಿನಲ್ಲಿ. ಅಂಚು ಉಜ್ಜಿಹೋಗದಿರಲಿ ಅಂತ ಅಂಟಿಸಿದ್ದ ಟೇಪ್ ತೆಗೆದ ಮೇಲೆ ಅಂಚಿನ ಪಕ್ಕ ಮಬ್ಬಾದ ಒಂದು ಗೆರೆ ಕಂಡಿತು. ಮೆಷಿನ್‌ನಿಂದಲೇ ಇನ್ನೊಂದು ಸುತ್ತು ಹೋದೆ. ಅಕ್ಕಿಕಾಳಿನಷ್ಟು ಬೂದು ಪ್ರೈಮರ್ ಕಂಡಾಗ ಎದೆ ಝಲ್ಲೆಂದಿತು. ಪೇಂಟ್ ಹಸಿ ಇರುವಾಗಲೇ ಚೂಪಾದ ಅಂಚಿನಿಂದ ಸರಿದುಕೊಳ್ಳುತ್ತದೆ, ಹಾಗಾಗಿ ಅಂಚಿನಲ್ಲೇ ಅದು ತೆಳು. ಮೆಷಿನ್ ಒತ್ತಡವೆಲ್ಲ ಬೀಳುವುದೂ ಅಲ್ಲೇ. ಅಂದಿನಿಂದ ಅಂಚು, ಏಣು ಎಲ್ಲ ಕೈಯಲ್ಲೇ ಮಾಡುತ್ತೇನೆ.

ಮಡ್‌ಗಾರ್ಡ್‌ದು ಬೇರೆಯೇ ಕಥೆ. ಯಾವಾಗಲೋ ಯಾರೋ ಹೊಡೆದ ಪೇಂಟ್. ಕಿತ್ತಳೆ ಸಿಪ್ಪೆಯಂಥ ಮೈ, ಜೊತೆಗೆ ಪೇಂಟ್ ಇಳಿದು ಹೆಪ್ಪುಗಟ್ಟಿದ ಒಂದು ಹನಿ. ದಪ್ಪ ಇದ್ದದ್ದರಿಂದ ಇಲ್ಲಿ ಧೈರ್ಯ ಮಾಡಬಹುದಿತ್ತು. ಹನಿಯ ಸುತ್ತ ಟೇಪ್ ಅಂಟಿಸಿ, ಬೆರಳಗಲದ ಗಟ್ಟಿ ಬ್ಲಾಕ್‌ಗೆ 1500ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಕಾಗದ, ನಂಬರ್ ಹೆಚ್ಚಿದಷ್ಟೂ ನಯ) ಸುತ್ತಿ, ಸೋಪು ನೀರು ಹಾಕಿ ಹನಿಯನ್ನು ಮಾತ್ರ ಉಜ್ಜಿದೆ. ಬರಿ ಬೆರಳಲ್ಲಿ ಉಜ್ಜಿದರೆ ಬೆರಳು ಉಬ್ಬನ್ನು ಹತ್ತಿ ಇಳಿಯುತ್ತದೆ, ಸಮ ಆಗುವುದಿಲ್ಲ. ಹತ್ತು ಸಲ ಉಜ್ಜುವುದು, ಒರೆಸಿ ಒಣಗಿಸಿ ನೋಡುವುದು. ತಗ್ಗಿನ ಜಾಗ ಹೊಳೆಯುತ್ತಿರುತ್ತದೆ, ಪೇಪರ್ ತಾಗಿದ ಜಾಗ ಮಂಕು. ಹೊಳೆಯುವ ಚುಕ್ಕಿಗಳೆಲ್ಲ ಮಾಯವಾಗಿ ಒಂದೇ ಸಮ ಮಂಕಾದಾಗ ಟೇಪ್ ತೆಗೆದು, ಪೂರ್ತಿ ಮಡ್‌ಗಾರ್ಡ್‌ಗೆ 2000, ಆಮೇಲೆ 3000. ನಂತರ ಪಾಲಿಶ್‌ಗಿಂತ ಒರಟಾದ ಕಾಂಪೌಂಡ್, ಕೊನೆಗೆ ಪಾಲಿಶ್. ಪುಟ್ಟಿ ಇದ್ದ ಜಾಗಕ್ಕೆ ಜಾಸ್ತಿ ಒತ್ತು ಹಾಕಲಿಲ್ಲ.

ಚಾವಣಿಯ ಹಿಂಭಾಗದಲ್ಲಿ ಒಣಗಿದ ಕೆರೆಯ ತಳದಂತೆ ಬಿರುಕುಗಳಿವೆ. ಅವು ಪಾಲಿಶ್‌ಗೆ ಬಗ್ಗುವುದಿಲ್ಲ. ಬಿರುಕು ಆಳಕ್ಕೆ ಇಳಿದಿರುತ್ತದೆ, ಸರಿ ಮಾಡಲು ಪೂರ್ತಿ ತೆಗೆಯಲೇಬೇಕು. ಅಲ್ಲಿ ಪಾಲಿಶ್ ಹಾಕಿದರೆ ಸಂದಿಯಲ್ಲಿ ಕೂತು ಬಿಳಿ ಗೆರೆಗಳಾಗಿ ಎದ್ದು ಕಾಣುತ್ತದೆ. ಕೈಯಿಂದ ಮೇಣ ಮಾತ್ರ ಸವರಿದೆ.

ಕೆಲಸ ಮುಗಿದ ಮೇಲೆ ಮತ್ತೆ ಅಳೆದರೆ ಬಾನೆಟ್ ಸುಮಾರು 66. ಡಿಕ್ಕಿಯ ಅಂಚಿಗೆ ಸಣ್ಣ ಬ್ರಷ್‌ನಿಂದ ದಿನಕ್ಕೊಂದು ತೆಳು ಪದರದಂತೆ ಐದು ಪದರ ಪೇಂಟ್ ಹಚ್ಚಿದ್ದೇನೆ. ಒಣಗುತ್ತಾ ಅದು ಕುಗ್ಗುತ್ತದೆ, ಈಗಲೇ ಉಜ್ಜಿದರೆ ಮತ್ತೆ ತಗ್ಗು ಬೀಳುತ್ತದೆ. ಇನ್ನೊಂದು ತಿಂಗಳು ಅದನ್ನು ಮುಟ್ಟುವುದಿಲ್ಲ.